ಸಿಂಬಿ

ಕೇಪೆಯ ಆಚೆ, ಕುಶಾವತಿ ತಿರುಗುವಲ್ಲಿ
ಪಿಯೆದಾದ್ ಬಾಯಿಯ ಮಣ್ಣಿನ ಮನೆ
ಹಿಂದಿನ ಮಳೆಗೆ ಕೂತಲ್ಲೇ ಕುಸಿದಿತ್ತು.
ಹೊಸದು ಕಟ್ಟಿಕೊಡಲು ವಿಮಾನ ಹತ್ತಿ ಬಂದರು
ಹಾಲೆಂಡಿನ ಯಾವುದೋ ಶಾಲೆಯಿಂದ ಹನ್ನೊಂದು ಮಂದಿ,
ಬೆನ್ನಿಗೆ ನೀರಿನ ಚೀಲ, ಕೈಗೆ ಹಳದಿ ಗವಸು,
ಮೂಗಿನ ಮೇಲೆ ಸುಣ್ಣ ಬಳಿದಂತೆ ಮುಲಾಮು.

ಅಪ್ಪ ಗೌಂಡಿ. ಅವ್ವ ಗಾರೆ ಕಲಸುವವಳು.
ನಾನು ಹೊರುವವಳು, ಹನ್ನೆರಡರಿಂದ.

ಅಂಗಳದ ಗೇರು ಮರಕ್ಕೆ ಮೊಳೆ ಹೊಡೆದು
ಬಾರೆಟೊ ಸರ್ ಬೋರ್ಡು ತೂಗುಹಾಕಿದರು.
ನನಗೆ ಹಿಂದಿಯಲ್ಲಿ ಎರಡು ಸಲ ಓದಿ ಹೇಳಿದರು:
ಹದಿನೆಂಟು ತುಂಬದ ಕೂಲಿಯಾಳು ಇಲ್ಲಿ ಸಲ್ಲದು.
ಆಧಾರ್ ಕಾರ್ಡು ತಿರುಗಿಸಿ ನೋಡಿದರು.
ಕುಷ್ಟಗಿ ಕಡೆಯ ಹೆಡ್ ಮಾಸ್ತರು
ಸಾಲಾಗಿ ನಿಲ್ಲಿಸಿ ಎಲ್ಲ ಮಕ್ಕಳಿಗೂ ಹಂಚಿದ ಜೂನ್ ಒಂದು
ಅವತ್ತು ನನ್ನನ್ನು ನೆರಳಿಗೆ ಕೂರಿಸಿತು.

‘ಬೊಸ್, ಬಾಯೆ’ ಅಂದಳು ಪಿಯೆದಾದ್ ಬಾಯಿ,
ತನ್ನ ಕುರ್ಚಿಯನ್ನೇ ಕೊಟ್ಟಳು.
ಮನೆಯ ಸಂಗಡ ಮುರಿಯದೆ ಉಳಿದದ್ದು ಅದೊಂದೇ.

ಕೂತು ನೋಡುವುದು ಇಷ್ಟು ದಣಿವಿನ ಕೆಲಸ
ಅಂತ ಯಾರೂ ಹೇಳಿರಲಿಲ್ಲ.
ಒಂದು ಚಿರೆಕಲ್ಲಿಗೆ ಇಬ್ಬರು, ಒಮ್ಮೊಮ್ಮೆ ಮೂವರು,
ಹೆರಿಗೆ ನೋವು ಬಂದವಳನ್ನು ನಡೆಸುವಂತೆ ನಡೆಸಿದರು.
ಗಾರೆಯ ಬುಟ್ಟಿಯನ್ನು ಎದೆಗೆ ಅವಚಿಕೊಂಡರು.
ಬೆನ್ನು ಬಗ್ಗಿಸಿದರು, ಮಂಡಿ ಬಗ್ಗಿಸಲಿಲ್ಲ.
ಅವರು ಎತ್ತಿದಾಗೆಲ್ಲ ಇಲ್ಲಿ ನನ್ನ ಕತ್ತು
ತಾನಾಗಿಯೇ ನೆಟ್ಟಗಾಗುತ್ತಿತ್ತು,
ನೊಗ ಕಂಡ ಎತ್ತಿನದರಂತೆ.

ಫೆಮ್ಕೆ ಎಂಬವಳು ನೀರು ಕುಡಿಯಲು ಬಂದು
ಬೆರಳಲ್ಲೇ ವಯಸ್ಸು ಕೇಳಿದಳು.
ತಾನು ಹತ್ತು ತೋರಿಸಿ, ಮತ್ತೆ ಆರು ತೋರಿಸಿದಳು.
ನಾನೂ ಹತ್ತು. ನಾನೂ ಆರು.
ಅವಳು ಬೋರ್ಡು ನೋಡಿದಳು, ನನ್ನನ್ನು ನೋಡಿದಳು.
ಅವಳ ಕಿವಿ ಕೆಂಪಾಯಿತು.
ಬಿಸಿಲಿಗೂ ಇರಬಹುದು.

ಮಧ್ಯಾಹ್ನ ಅವ್ವ ಲೆಕ್ಕ ಹಾಕಿದಳು:
ದಿನಕ್ಕ ನಾನೂರು, ಹನ್ನೆರಡು ದಿನ.
‘ಈ ಹುಡುಗರಿಗೆ ಎಷ್ಟು ಕೊಡ್ತಾರ?’
ಅಪ್ಪ ಬೀಡಿ ಹಚ್ಚುತ್ತ,
‘ಕೊಡೋದೇನು, ಅವರೇ ರೊಕ್ಕಾ ಕಟ್ಟಿ ಬಂದಾರ.’
ಅವ್ವ ಬಹಳ ಹೊತ್ತು ರೊಟ್ಟಿ ಮುರಿಯಲಿಲ್ಲ.
‘ಹಂಗಾರ ನಾವೂ ಒಂದಿಷ್ಟು ಕಟ್ಟೋಣು.
ಈಕೀನ್ನ ಕೆಲಸಕ್ಕ ಬಿಡ್ತಾರೇನು, ಕೇಳ್ರಿ.’

ನಾಲ್ಕನೆಯ ದಿನ ಫೆಮ್ಕೆಯ ಬುಟ್ಟಿ ಮಗುಚಿತು.
ಹೊಂಗೂದಲ ತುಂಬ ಸಿಮೆಂಟು.
ಎಲ್ಲರೂ ನಕ್ಕರು, ಅವಳೂ ನಕ್ಕಳು, ಆಮೇಲೆ ನಗಲಿಲ್ಲ.
ಬಾರೆಟೊ ಸರ್ ಹೊಳೆದಂಡೆಯಲ್ಲಿ
ಸಿಗ್ನಲ್ಲು ಹುಡುಕುತ್ತಿದ್ದರು.
ಎದ್ದೆ.
ಮಡಿಲಲ್ಲಿ ಸುಮ್ಮನೆ ಕೂತಿದ್ದ ಸಿಂಬಿ,
ಅವ್ವನ ಹಳೇ ಇಳಕಲ್ಲಿನ ಸೆರಗು, ನಾಲ್ಕು ಸುತ್ತು,
ಅವಳ ನೆತ್ತಿಗೆ ಇಟ್ಟೆ.
ಗದ್ದ ಹಿಡಿದು ಮೇಲಕ್ಕೆತ್ತಿದೆ.
ದೂರ ನೋಡು, ಕಾಲಿಗೆ ದಾರಿ ಗೊತ್ತು,
ಅಂತ ನಮ್ಮ ಮಾತಿನಲ್ಲೇ ಅಂದೆ.
ಕಲಿಸುವುದು ಕೆಲಸವೋ ಅಲ್ಲವೋ
ಬೋರ್ಡಿನಲ್ಲಿ ಬರೆದಿರಲಿಲ್ಲ.

ಅವಳು ನಡೆದಳು. ಹದಿನೇಳು ಹೆಜ್ಜೆ, ಎಣಿಸಿದ್ದೇನೆ.
ಎರಡೂ ಕೈ ಬಿಟ್ಟು, ಉಸಿರು ಹಿಡಿದು, ಗೋಡೆಯವರೆಗೆ.
ಅಪ್ಪ ಬುಟ್ಟಿ ಇಳಿಸಿಕೊಂಡು, ಕರಣೆಯಿಂದ
ಅದರ ಅಂಚಿಗೆ ಟಿಣ್ ಎಂದು ಒಮ್ಮೆ ಬಡಿದ.
ನಾನು ಮೊದಲ ಸಲ ಹೊತ್ತಾಗಲೂ
ಹಾಗೆಯೇ ಬಡಿದಿದ್ದ.
ನನಗೆ ಯಾಕೋ ಅದು ಸೇರಲಿಲ್ಲ.

ಮನೆ ಆಯಿತು. ಸುಳ್ಳು ಯಾಕೆ, ಚೆನ್ನಾಗಿಯೇ ಆಯಿತು.
ಬಾಗಿಲ ಪಕ್ಕ ಹನ್ನೊಂದು ನೀಲಿ ಅಂಗೈ ಒತ್ತಿ ಹೋದರು.
ಈಸ್ಟರ್ ಹಬ್ಬಕ್ಕೆ ಮೊದಲೇ
ಪಿಯೆದಾದ್ ಬಾಯಿ ಅದರ ಮೇಲೆ ಸುಣ್ಣ ಹೊಡೆಸಿದಳಂತೆ.
ಹೊರಡುವಾಗ ಫೆಮ್ಕೆ ತನ್ನ ಗವಸು ಕೊಟ್ಟಳು
(ಅವ್ವ ಈಗಲೂ ಬಿಸಿ ಹಂಚು ಇಳಿಸುವುದು ಅದರಲ್ಲೇ).
ಸಿಂಬಿ ತೋರಿಸಿ, ಒಯ್ಯಲೇ ಎಂದು ಕಣ್ಣಲ್ಲೇ ಕೇಳಿದಳು.
ಹೆಸರು ಕೇಳಿ ಅಂಗೈಯಲ್ಲಿ ಬರೆದುಕೊಂಡಳು.
ಯಾವುದೋ ಚಳಿಯ ಊರಿನ ಮೇಜಿನ ಖಾನೆಯಲ್ಲಿ
ಅದಿನ್ನೂ ಸುತ್ತಿಕೊಂಡು ಮಲಗಿರಬಹುದು,
ನಡುವಿನ ತಗ್ಗು ಯಾರ ತಲೆಯದೆಂದು
ಅದಕ್ಕೂ ಈಗ ಮರೆತಿರಬಹುದು.

ಮರುದಿನ ಬಾಣಾವಲಿಯಲ್ಲಿ, ಸಮುದ್ರದ ಬದಿಯ ಹೋಟೆಲ್ ಕಟ್ಟಡ.
ಮೂರನೆಯ ಮಹಡಿ.
ಅಲ್ಲಿ ಬೋರ್ಡು ಇರಲಿಲ್ಲ.
ಸಿಂಬಿಯೂ ಇರಲಿಲ್ಲ.
ಅಪ್ಪನ ಟವೆಲು ಸುತ್ತಿಕೊಂಡೆ.
ಬೀಡಿ ವಾಸನೆ, ಸಂಜೆಯವರೆಗೆ.